ಜಗ್ಲಿ, ಮೂರ್ ಜನ

ಆ ಆಟದಲ್ಲಿ ನಾನು ಆಡಿದ ಮೊದಲ ಮಾತು ‘ಅಲ್ಲಿ’. ಆ ಒಂದು ಮಾತಿಗೆ ನಮ್ಮವರು ನಾಲ್ಕೂ ಜನ ಸತ್ತರು.

ಎರಡು ಸಾವಿರದ ಏಳನೇ ಇಸವಿಯೋ ಎಂಟೋ ಇರಬೇಕು. ಕುಂದಾಪುರದ ಹೊಸ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಟ್ಟಡದ ಮಾಳಿಗೆಯಲ್ಲಿದ್ದ ಸೈಬರ್ ಸೆಂಟರಿನಲ್ಲಿ ನಾನು ಕೆಲಸಕ್ಕಿದ್ದೆ. ಬಯೋಡಾಟಾ ಟೈಪ್ ಮಾಡುವುದು, ಪರೀಕ್ಷೆಯ ಫಲಿತಾಂಶ ತೆಗೆದುಕೊಡುವುದು, ಗಲ್ಫಿನಲ್ಲಿದ್ದ ಮಕ್ಕಳು ಕಳಿಸಿದ ಮೇಲ್‌ಗಳನ್ನು ಅವರ ತಾಯಂದಿರಿಗೆ ಓದಿ ಹೇಳುವುದು, ಇವು ನನ್ನ ಕೆಲಸ. ಮಧ್ಯಾಹ್ನ ಊಟದ ಹೊತ್ತಿನಿಂದ ನಾಲ್ಕು ಗಂಟೆಯವರೆಗೆ ಗಿರಾಕಿಗಳು ಬರುತ್ತಿರಲಿಲ್ಲ. ಆಗ ಒಳಕೋಣೆಯ ಹತ್ತು ಕಂಪ್ಯೂಟರುಗಳಲ್ಲಿ ಗುಂಡು ಹಾರಿಸುವ ಆಟ ನಡೆಯುತ್ತಿತ್ತು. ಐದು ಜನ ಒಂದು ಕಡೆ, ಐದು ಜನ ಇನ್ನೊಂದು ಕಡೆ. ಒಂದು ಪಕ್ಷದವರು ಪರದೆಯ ಮೇಲಿನ ಊರಿನ ಎರಡು ಜಾಗಗಳಲ್ಲಿ ಯಾವುದಾದರೂ ಒಂದರಲ್ಲಿ ಬಾಂಬ್ ಇಡಬೇಕು, ಇನ್ನೊಂದು ಪಕ್ಷದವರು ತಡೆಯಬೇಕು. ಗುಂಡು ತಗುಲಿ ಸತ್ತವನು ಆ ರೌಂಡ್ ಮುಗಿಯುವ ತನಕ ಸುಮ್ಮನೆ ಕೂರಬೇಕು.

ನಮ್ಮ ಸೆಂಟರಿಗೆ ಒಂದು ತಂಡವಿತ್ತು. ತಂದೆಯ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಿದ್ದವನು ಅದರ ನಾಯಕ. ಹಟ್ಟಿಯಂಗಡಿಯಿಂದ ಒಂದೇ ಬೈಕಿನಲ್ಲಿ ಬರುತ್ತಿದ್ದ ಅಣ್ಣತಮ್ಮ, ಬೀಜಾಡಿಯ ಒಬ್ಬ ಡಿಪ್ಲೊಮಾ ವಿದ್ಯಾರ್ಥಿ, ಇವರು ಮೂವರು ಉಳಿದವರು. ಐದನೆಯವನು ಮಾವನ ಹೋಟೆಲ್ಲಿಗೆಂದು ಮುಂಬೈಗೆ ಹೋಗಿಬಿಟ್ಟಿದ್ದ. ಅದೇ ಹೊತ್ತಿಗೆ ಬ್ರಹ್ಮಾವರದ ಒಂದು ಸೈಬರಿನವರು ಪಂದ್ಯಕ್ಕೆ ಕರೆದಿದ್ದರು. ಒಂದು ತಿಂಗಳ ಸಮಯವಿತ್ತು.

ಸೆಂಟರಿನ ಧಣಿ ಇಪ್ಪತ್ತು ವರ್ಷ ಮುಂಬೈಯಲ್ಲಿ ದುಡಿದು ಊರಿಗೆ ಬಂದವರು. ಅವರು ಕೌಂಟರಿನ ಮುಂದೆ ನಿಂತು ಹೇಳಿದರು. “ಹೆಣ್ಣೆ, ನೀನೇ ಕೂಕೋ. ಮಧ್ಯಾಹ್ನ ಖಾಲಿ ಕೂಕಂಡ್ ಎಂತ ಮಾಡ್ತೆ?”

“ನಂಗೆ ಗುಂಡ್ ಹೊಡುಕೆ ಬತ್ತಿಲ್ಲೆ,” ಎಂದೆ.

“ಅವ್ರಿಗ್ ಬತ್ತ್ ಅಂತ ಯಾರ್ ಹೇಳ್ರ್?” ಎಂದು ಅವರು ಒಳಕೋಣೆ ತೋರಿಸಿದರು.

ಹಾಗೆ ಕೂತ ಮೊದಲ ದಿನ ನನಗೆ ಆ ಊರಿನಲ್ಲಿ ನಡೆಯುವುದೇ ಬರುತ್ತಿರಲಿಲ್ಲ. ಗೋಡೆಗೆ ಮುಖ ಮಾಡಿ ನಿಲ್ಲುತ್ತಿದ್ದೆ, ತಿರುಗಿದರೆ ಆಕಾಶ ಕಾಣುತ್ತಿತ್ತು. ಹೇಗೋ ಸರಿಯಾಗಿ ನಿಂತಾಗ ಎದುರಿನ ಕಟ್ಟೆಯ ಮೇಲೆ ಇಬ್ಬರು ಶತ್ರುಗಳು ಕಂಡರು. “ಅಲ್ಲಿ, ಅಲ್ಲಿದ್ರ್,” ಎಂದೆ. ನಾಲ್ವರೂ ನಾಲ್ಕು ದಿಕ್ಕಿಗೆ ತಿರುಗಿದರು. ಮೊದಲು ಸತ್ತವಳು ನಾನು. ಅರ್ಧ ನಿಮಿಷದಲ್ಲಿ ಎಲ್ಲರೂ ಸತ್ತರು.

ನಾಯಕ ಕುರ್ಚಿ ತಿರುಗಿಸಿದ. ಅವನು ನನಗಿಂತ ಒಂದೆರಡು ವರ್ಷ ಚಿಕ್ಕವನು. ಸಿಟ್ಟು ಬಂದಿತ್ತು, ಆದರೆ ಮರ್ಯಾದೆ ಬಿಡಲಿಲ್ಲ. “ಅಲ್ಲಿ ಅಂದ್ರೆ ಎಲ್ಲಿ ಅಕ್ಕ? ನಿಮ್ಗ್ ಕಾಂಬುದ್ ನಮ್ಗ್ ಕಾಂತಿಲ್ಲೆ. ಜಾಗದ್ ಹೆಸ್ರ್ ಹೇಳ್ಕ್.”

“ಆ ಕಟ್ಟೆಗೆ ಹೆಸ್ರ್ ಎಂತ?”

ನಾಯಕ ಒಂದು ಇಂಗ್ಲಿಷ್ ಹೆಸರು ಹೇಳಿದ. ಡಿಪ್ಲೊಮಾದವನು ಅದಲ್ಲ ಎಂದು ಬೇರೊಂದು ಹೇಳಿದ. ಹಟ್ಟಿಯಂಗಡಿಯ ಅಣ್ಣ ಅದಕ್ಕೆ ‘ಆಚಿ ಬದಿ’ ಎನ್ನುತ್ತಿದ್ದನಂತೆ. ತಮ್ಮ, “ನಾನ್ ಎಂತದೂ ಹೇಳುದಿಲ್ಲೆ, ಹೊಡುದೇ,” ಎಂದ. ಎರಡು ವರ್ಷದಿಂದ ಒಟ್ಟಿಗೆ ಆಡುತ್ತಿದ್ದ ನಾಲ್ಕು ಜನರಿಗೆ ಆ ಕಟ್ಟೆಗೆ ಒಂದು ಹೆಸರಿಲ್ಲ ಎಂಬುದು ಅವತ್ತೇ ಗೊತ್ತಾದದ್ದು. ತಪ್ಪು ನನ್ನೊಬ್ಬಳದೇ ಅಲ್ಲ ಎಂದು ತಿಳಿದು ನನಗೆ ಸ್ವಲ್ಪ ಧೈರ್ಯ ಬಂತು.

ಮರುದಿನದಿಂದ ಬೆಳಿಗ್ಗೆ ಎಂಟಕ್ಕೇ ಹೋಗಿ ಸೆಂಟರಿನ ಬಾಗಿಲು ತೆಗೆದೆ. ಕಸ ಗುಡಿಸಿ, ಒಂದು ಕಂಪ್ಯೂಟರ್ ಹಾಕಿ, ಯಾರೂ ಇಲ್ಲದ ಆ ಊರಿನೊಳಗೆ ಒಬ್ಬಳೇ ನಡೆದೆ. ಪ್ರಿಂಟು ಕೆಟ್ಟ ಹಾಳೆಗಳ ಹಿಂಬದಿ ಖಾಲಿ ಇರುತ್ತಿತ್ತು. ಅಂಥ ನಾಲ್ಕು ಹಾಳೆಗಳನ್ನು ಅಂಟಿಸಿ ನಕ್ಷೆ ಬರೆದೆ. ಎಲ್ಲಿ ಮೆಟ್ಟಿಲು, ಎಲ್ಲಿ ಎರಡು ದೊಡ್ಡ ಬಾಗಿಲು, ಎಲ್ಲಿ ನೆಲದೊಳಗಿನ ದಾರಿ, ಯಾವ ಮೂಲೆಯಿಂದ ಯಾವ ಮೂಲೆ ಕಾಣುತ್ತದೆ ಎಂದು ಒಂದೊಂದಾಗಿ ಗುರುತು ಮಾಡಿದೆ. ಒಂದು ವಾರದಲ್ಲಿ ಕಣ್ಣು ಮುಚ್ಚಿಕೊಂಡು ಹೋಗುವಷ್ಟು ಪರಿಚಯವಾಯಿತು.

ಹೆಸರುಗಳು ಮಾತ್ರ ಹತ್ತಲಿಲ್ಲ. ಡಿಪ್ಲೊಮಾದವನು ಎಲ್ಲಿಂದಲೋ ತಿಳಿದುಕೊಂಡು ಇಂಗ್ಲಿಷ್ ಹೆಸರುಗಳ ಪಟ್ಟಿ ಕೊಟ್ಟಿದ್ದ. ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ. ಕೂತು ಕೇಳಿದರೆ ಎಲ್ಲ ಹೇಳುತ್ತಿದ್ದೆ. ಆಟದಲ್ಲಿ ಶತ್ರು ಎದುರಿಗೆ ಬಂದಾಗ ನಾಲಿಗೆ ಆ ಪದವನ್ನು ಹುಡುಕುತ್ತಿತ್ತು, ಅದು ಸಿಗುವಷ್ಟರಲ್ಲಿ ನಾನು ಸತ್ತಿರುತ್ತಿದ್ದೆ. ಸತ್ತ ಮೇಲೆ ಮಾತಾಡುವ ಹಾಗಿಲ್ಲ ಎಂದು ಪಂದ್ಯದ ನಿಯಮವಿತ್ತು. ಹೇಳುವುದಿದ್ದರೆ ಸಾಯುವ ಮೊದಲೇ ಹೇಳಬೇಕು.

ಒಂದು ಸಂಜೆ ಆ ನಕ್ಷೆಯನ್ನು ಬಸ್ರೂರಿನ ನಮ್ಮ ಮನೆಗೆ ಒಯ್ದೆ. ಅಪ್ಪಯ್ಯ ಕುಂದಾಪುರದಿಂದ ಸಿದ್ದಾಪುರಕ್ಕೆ ಹೋಗುವ ಖಾಸಗಿ ಬಸ್ಸಿನ ಕಂಡಕ್ಟರು. ಅವತ್ತು ಬೇಗ ಬಂದಿದ್ದರು. ಚಾ ಕುಡಿಯುತ್ತ ಹಾಳೆಯನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಕೇಳಿದರು. “ಇದ್ ಎಂತ, ಹೊಸ ರೂಟಾ?”

ಆಟದ ವಿಷಯ ಹೇಳಿದೆ. ನನ್ನ ತಾಯಿ, ಅಬ್ಬಿ, ಒಳಗಿಂದಲೇ, “ಗಂಡ್ ಮಕ್ಳೊಟ್ಟಿಗೆ ಗುಂಡ್ ಹೊಡುದಾ,” ಎಂದಳು. ಅಪ್ಪಯ್ಯ ನಕ್ಷೆಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರನ್ನು ಓದಿಸಿದರು. ನಾನು ತಡವರಿಸಿದ ಕಡೆಯೆಲ್ಲ ಬೆರಳು ನಿಲ್ಲಿಸಿದರು.

“ಇದೆಲ್ಲ ಯಾರ್ ಇಟ್ಟ ಹೆಸ್ರ್?”

“ಗೊತ್ತಿಲ್ಲೆ. ಎಲ್ಲರೂ ಹೀಂಗೇ ಹೇಳುದಂಬ್ರ್.”

“ಜನ ಇಳಿವ ಜಾಗಕ್ಕೆ ಜನರ್ ಬಾಯಲ್ ಬಪ್ಪ ಹೆಸ್ರ್ ಇರ್ಕ್,” ಎಂದರು ಅಪ್ಪಯ್ಯ. ಆಮೇಲೆ ತಮ್ಮ ಕೆಲಸದ ವಿಷಯ ಹೇಳಿದರು. ಅವರ ರೂಟಿನಲ್ಲಿ ಎರಡು ಕಡೆ ಶಾಲೆಯ ಸ್ಟಾಪ್ ಇತ್ತು. ಎರಡಕ್ಕೂ ‘ಶಾಲೆ, ಶಾಲೆ’ ಎಂದು ಕೂಗುತ್ತಿದ್ದ ಕಾಲದಲ್ಲಿ ಒಬ್ಬ ಅಜ್ಜಿ ಮಳೆಯಲ್ಲಿ ಬೇರೆ ಸ್ಟಾಪಿನಲ್ಲಿ ಇಳಿದು ಎರಡು ಮೈಲು ನಡೆದಿದ್ದಳಂತೆ. ಅವತ್ತಿನಿಂದ ಅವರು ಎರಡನೆಯದಕ್ಕೆ ‘ಹಲ್ಸಿನ್ ಮರ’ ಎಂದು ಕೂಗಿದರು. ಮರ ಕಡಿದು ಹತ್ತು ವರ್ಷವಾದರೂ ಜನ ಹಲಸಿನ ಮರದಲ್ಲೇ ಇಳಿಯುತ್ತಿದ್ದರು.

“ಹೆಸ್ರ್ ಗಿಡ್ಡ ಇರ್ಕ್. ಒಂದರ್ ಹಾಂಗೆ ಮತ್ತೊಂದ್ ಕೇಂಬುಕಾಗ. ಮೊದ್ಲ್ ಜಾಗ ಹೇಳ್, ಮತ್ತೆ ಎಷ್ಟ್ ಜನ ಅಂತ ಹೇಳ್. ಉಳ್ದದ್ ಉಸ್ರ್ ಇದ್ರೆ ಹೇಳ್.”

“ನನ್ ಸ್ವರ ಸಣ್ಣದ್ ಅಪ್ಪಯ್ಯ.” ಶಾಲೆಯಲ್ಲಿ ಪದ್ಯ ಹೇಳಲು ನಿಲ್ಲಿಸಿದಾಗಲೆಲ್ಲ ಹಿಂದಿನ ಬೆಂಚಿಗೆ ಕೇಳುವುದಿಲ್ಲ ಎಂದು ಬೈಸಿಕೊಂಡವಳು ನಾನು.

“ದೊಡ್ಡ ಸ್ವರ ಎಂತಕೆ? ಎಂಜಿನ್ ಸ್ವರದ್ ಮೇಲೆ ಹಾರ್ಕ್, ಅಷ್ಟೇ. ನಿನ್ನದ್ ಚೂಪ್ ಇತ್ತ್. ಹಾರತ್ತ್.”

ಆ ಸಂಜೆ ಇಬ್ಬರೂ ಕೂತು ಹೆಸರಿಟ್ಟೆವು. ನಾನು ಜಾಗದ ರೂಪ ವರ್ಣಿಸುವುದು, ಅಪ್ಪಯ್ಯ ಅದು ಯಾವುದರ ಹಾಗಿದೆ ಎಂದು ಕೇಳುವುದು. ಕಟ್ಟೆ ‘ಜಗ್ಲಿ’ ಆಯಿತು. ಗೋಡೆಯಲ್ಲಿದ್ದ ತೂತು ‘ಕಂಡಿ’. ನೆಲದೊಳಗಿನ ದಾರಿ ‘ಕತ್ಲೆ’. ತಗಡಿನ ಮಾಡಿನ ಶೆಡ್ಡಿಗೆ ‘ಹಟ್ಟಿ’, ನಡುವಿನ ಬಯಲಿಗೆ ‘ಗದ್ದೆ’. ಬಾಂಬ್ ಇಡುವ ಎರಡು ಜಾಗಗಳಲ್ಲಿ ಒಂದಕ್ಕೆ ‘ಬಂದರ್’, ಇನ್ನೊಂದಕ್ಕೆ ‘ಪ್ಯಾಟಿ’ ಎಂದು ಬರೆದೆ. ಒಂದರ ಮೇಲೊಂದು ಇಟ್ಟ ಮರದ ಡಬ್ಬಗಳಿಗೆ ‘ಪೆಟ್ಗಿ’ ಎಂದೆ.

“ಪ್ಯಾಟಿ, ಪೆಟ್ಗಿ,” ಎಂದು ಅಪ್ಪಯ್ಯ ಬೇಗ ಬೇಗ ಎರಡು ಸಲ ಹೇಳಿ ನೋಡಿದರು. “ಗಲಾಟಿಯಲ್ಲ್ ಎರ್ಡೂ ಒಂದೇ ಆತ್ತ್. ಅಜ್ಜಿ ಮತ್ತೆ ಮಳೆಯಲ್ಲ್ ನಡಿತ್ಲ್.”

ಡಬ್ಬಗಳು ‘ಬುಟ್ಟಿ’ ಆದವು.

ತಂಡದವರು ಒಪ್ಪಲು ಮೂರು ದಿನ ಹಿಡಿಯಿತು. ನಾಯಕನಿಗೆ ಬ್ರಹ್ಮಾವರದವರು ನಗಾಡುತ್ತಾರೆ ಎಂಬ ಅಳುಕು. ಹಟ್ಟಿಯಂಗಡಿಯ ತಮ್ಮ, ‘ಹಟ್ಟಿ’ ಎಂದು ಕೂಗಿದರೆ ತನ್ನನ್ನೇ ಕರೆದ ಹಾಗಾಗುತ್ತದೆ ಎಂದ. ಆದರೆ ಹೆಸರು ಬಳಸಿ ಆಡಿದ ಮೊದಲ ಮಧ್ಯಾಹ್ನವೇ ಅವನೇ ಎಲ್ಲರಿಗಿಂತ ಮುಂಚೆ, “ಹಟ್ಟಿ, ಒಬ್ಬ,” ಎಂದು ಕೂಗಿದ. ಹಿಂದಿನ ದಿನದವರೆಗೆ ಏನೂ ಹೇಳದೆ ಹೊಡೆಯುತ್ತಿದ್ದವನು. ಕೂಗಿದ್ದು ತನಗೇ ಗೊತ್ತಾಗದವನ ಹಾಗೆ ಆಟ ಮುಂದುವರಿಸಿದ. ನಾಯಕ ನನ್ನ ಕಡೆ ನೋಡಿ, “ಆಯ್ತ್ ಅಕ್ಕ, ಇದೇ ಇರ್ಲಿ,” ಎಂದ.

ಆಮೇಲೆ ಅಭ್ಯಾಸ ನನ್ನ ಕೈಗೆ ಬಂತು. ಮಧ್ಯಾಹ್ನ ಕರೆಂಟ್ ಹೋಗುವುದು ಆಗ ಸಾಮಾನ್ಯ. ಕಂಪ್ಯೂಟರುಗಳು ಆರಿದಾಗ ಹುಡುಗರು ಮನೆಗೆ ಹೊರಡುತ್ತಿದ್ದರು. ನಾನು ಬಿಡಲಿಲ್ಲ. ನಕ್ಷೆಯನ್ನು ಮೇಜಿನ ಮೇಲೆ ಹಾಸಿ, ಸೋಡಾ ಬಾಟ್ಲಿಯ ಮುಚ್ಚಳಗಳನ್ನು ಶತ್ರುಗಳೆಂದು ಇಟ್ಟು ಪ್ರಶ್ನೆ ಕೇಳುತ್ತಿದ್ದೆ. ಕಂಡಿಯಲ್ಲಿ ನಿಂತರೆ ಎಡಕ್ಕೆ ಏನು? ಬುಟ್ಟಿಯ ಹಿಂದೆ ಇದ್ದವನಿಗೆ ಗದ್ದೆ ಕಾಣುತ್ತದೆಯೇ? ತಡವರಿಸಿದವನಿಗೆ ಮತ್ತೆ ಮೊದಲಿನಿಂದ. ಡಿಪ್ಲೊಮಾದವನು ಒಮ್ಮೆ, “ನಮ್ ಕಾಲೇಜಿನ ಮೇಷ್ಟ್ರೂ ಇಷ್ಟ್ ಕೇಂತಿಲ್ಲೆ ಅಕ್ಕ,” ಎಂದ. ಕೇಳಿ ನನಗೆ ಒಳಗೊಳಗೇ ಖುಷಿಯಾಯಿತು. ನನ್ನನ್ನು ಯಾರೂ ಅಲ್ಲಿಯವರೆಗೆ ಯಾವುದರಲ್ಲೂ ಮೇಷ್ಟ್ರಿಗೆ ಹೋಲಿಸಿರಲಿಲ್ಲ.

ಪಂದ್ಯದ ಭಾನುವಾರ ಬೆಳಿಗ್ಗೆ ಅಪ್ಪಯ್ಯ ಉಡುಪಿ ಬಸ್ಸಿನ ಕಂಡಕ್ಟರಿಗೆ ಹೇಳಿ ನಮಗೆ ಐದು ಸೀಟು ಹಿಡಿಸಿದ್ದರು. ಅಬ್ಬಿ ಅವಲಕ್ಕಿ ಕಟ್ಟಿಕೊಟ್ಟಳು, ಐದು ಜನಕ್ಕೆ ಸಾಕಾಗುವಷ್ಟು.

ಬ್ರಹ್ಮಾವರದ ಸೆಂಟರ್ ನಮ್ಮದಕ್ಕಿಂತ ಚೆನ್ನಾಗಿತ್ತು. ಹೊಸ ಮಾನಿಟರುಗಳು, ತಿರುಗುವ ಕುರ್ಚಿಗಳು. ಎದುರು ತಂಡದವರು ಐವರೂ ಇಂಜಿನಿಯರಿಂಗ್ ಓದುವವರು. ಹತ್ತೂ ಜನ ಒಂದೇ ಕೋಣೆಯಲ್ಲಿ, ನಡುವೆ ಒಂದು ಪ್ಲೈವುಡ್ ಹಲಗೆ ಮಾತ್ರ. ಅವರು ಕೂಗಿದ್ದು ನಮಗೆ ಕೇಳುತ್ತಿತ್ತು, ನಾವು ಕೂಗಿದ್ದು ಅವರಿಗೆ. ಹೆಣ್ಣೊಬ್ಬಳು ಆಡಲು ಕೂತದ್ದು ನೋಡಿ ಅವರಲ್ಲೊಬ್ಬ, ಪಂದ್ಯ ನೋಡಲು ಬಂದಿದ್ದ ನಮ್ಮ ಧಣಿಯ ಹತ್ತಿರ, “ಇವ್ರೂ ಆಡ್ತಾರಾ?” ಎಂದು ಕೇಳಿದ. ಧಣಿ, “ಅವ್ಳೇ ಆಡ್ಸುದ್,” ಎಂದರು.

ನಾನು ಮೊದಲ ಸಲ, “ಜಗ್ಲಿ, ಒಬ್ಬ,” ಎಂದಾಗ ಹಲಗೆಯಾಚೆ ನಗು ಎದ್ದಿತು. ಬುಟ್ಟಿ ಎಂದಾಗ ಇನ್ನಷ್ಟು ಜೋರಾಯಿತು. ನನ್ನ ಕಿವಿ ಬಿಸಿಯಾಯಿತು, ಸ್ವರ ಇಳಿಯಿತು. ಮೊದಲ ಐದು ರೌಂಡುಗಳಲ್ಲಿ ನಾಲ್ಕು ಸೋತೆವು. ಆಗ ನಾಯಕ ಪರದೆಯಿಂದ ಕಣ್ಣು ತೆಗೆಯದೆ ಹೇಳಿದ. “ಅಕ್ಕ, ಕೇಂತಿಲ್ಲೆ. ನಗಾಡುಕೆ ಬಿಡಿ ಅವ್ರನ್ನ. ನೀವ್ ಹೇಳಿ.”

ಎಂಜಿನ್ ಸ್ವರದ ಮೇಲೆ ಹಾರಬೇಕು ಎಂದುಕೊಂಡು ಕೂಗಿದೆ. ಕಂಡಿ, ಇಬ್ರ್. ಕತ್ಲೆ, ಖಾಲಿ. ಗದ್ದೆ ದಾಟಿ ಹಟ್ಟಿಗೆ ಬಂದ. ಹತ್ತು ರೌಂಡು ಕಳೆಯುವಷ್ಟರಲ್ಲಿ ನಗು ನಿಂತಿತ್ತು. ಅವರು ಕೂಗುತ್ತಿದ್ದ ಇಂಗ್ಲಿಷ್ ಹೆಸರುಗಳೆಲ್ಲ ನನಗೆ ಬಾಯಿಪಾಠವಾಗಿದ್ದವಲ್ಲ, ಅವರು ಎಲ್ಲಿದ್ದಾರೆಂದು ಅವರ ಬಾಯಿಂದಲೇ ಗೊತ್ತಾಗುತ್ತಿತ್ತು. ನಮ್ಮ ಜಗ್ಲಿ ಯಾವುದು, ಬಂದರ್ ಯಾವುದು ಎಂದು ಅವರಿಗೆ ಬೇಗ ತಿಳಿಯಲಿಲ್ಲ. ಒಬ್ಬ ಹಲಗೆಯ ಮೇಲಿಂದ ಇಣುಕಿ, “ಬುಟ್ಟಿ ಅಂದ್ರೆ ಯಾವ್ದು ಮಾರಾಯ್ರೆ?” ಎಂದೇ ಕೇಳಿದ. ಹಟ್ಟಿಯಂಗಡಿಯ ತಮ್ಮ, “ಮೀನ್ ಹಾಕುದ್,” ಎಂದ.

ಮೊದಲು ಹದಿನಾರು ರೌಂಡ್ ಗೆದ್ದವರಿಗೆ ಪಂದ್ಯ. ನಾವು ಹದಿನೈದಕ್ಕೆ ಬಂದಾಗ ಅವರು ಹದಿನಾಲ್ಕರಲ್ಲಿದ್ದರು. ನಾವು ಕಾಯುವವರು, ಅವರು ಬಾಂಬ್ ಇಡುವವರು. ನಾಯಕ ನನ್ನನ್ನು ಬಂದರಿನ ಪಕ್ಕದ ಕಂಡಿಯಲ್ಲಿ ಒಬ್ಬಳೇ ನಿಲ್ಲಿಸಿ, ಉಳಿದ ಮೂವರನ್ನು ಕರೆದುಕೊಂಡು ಪ್ಯಾಟಿಯ ಕಡೆ ನಿಂತ. ಹಿಂದಿನ ನಾಲ್ಕು ಸಲವೂ ಅವರು ಪ್ಯಾಟಿಗೇ ಬಂದಿದ್ದರು.

ಈ ಸಲವೂ ಗುಂಡಿನ ಸದ್ದು ಅಲ್ಲೇ ಕೇಳಿತು. “ಪ್ಯಾಟಿ, ಪ್ಯಾಟಿ,” ಎಂದು ಡಿಪ್ಲೊಮಾದವನು ಕೂಗಿದ. ಅದೇ ಹೊತ್ತಿಗೆ ನನ್ನ ಎದುರಿನ ಜಗ್ಲಿಯ ಮೇಲೆ ಒಬ್ಬ ಹತ್ತಿದ, ಅವನ ಹಿಂದೆ ಇನ್ನಿಬ್ಬರು. ಮೂರನೆಯವನ ಬೆನ್ನಿನ ಮೇಲೆ ಬಾಂಬ್ ಕಾಣುತ್ತಿತ್ತು. ನಾನು ಗುಂಡು ಹಾರಿಸಿದೆ. ಮೊದಲನೆಯವನಿಗೆ ತಗುಲಿತು, ಸಾಯಲಿಲ್ಲ. ಮೂವರೂ ನನ್ನ ಕಡೆ ತಿರುಗಿದರು. ಉಳಿದದ್ದು ಒಂದು ಉಸಿರಿನ ಸಮಯ.

“ಜಗ್ಲಿ, ಮೂರ್ ಜನ. ಬಾಂಬ್ ಇಲ್ಲಿತ್ತ್. ಮುಂದಿನವ್ಗೆ ಪೆಟ್ಟ್.”

ಪರದೆ ಕೆಂಪಾಯಿತು. ನಾನು ಸತ್ತೆ. ಇನ್ನು ಬಾಯಿ ಬಿಡುವ ಹಾಗಿಲ್ಲ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ.

ಪ್ಯಾಟಿಯಲ್ಲಿ ಇನ್ನೂ ಗುಂಡು ಹಾರುತ್ತಲೇ ಇತ್ತು. ನಾಯಕನಿಗೆ ಕೇಳುತ್ತಿದ್ದದ್ದು ಆ ಗುಂಡು, ಕಾಣುತ್ತಿದ್ದದ್ದು ಆ ಹೊಗೆ. ಜಗ್ಲಿಯ ಮೂವರನ್ನು ನೋಡಿದವಳು ನಾನೊಬ್ಬಳೇ, ಅದೂ ಸತ್ತವಳು. ಅವನು, ಹೌದಾ ಎಂದು ಕೇಳಲಿಲ್ಲ. ನಿಜವಾಗಿ ಮೂರಾ ಎಂದು ಕೇಳಲಿಲ್ಲ. “ಪ್ಯಾಟಿ ಬಿಡಿ. ಎಲ್ಲರೂ ಬಂದರ್,” ಎಂದ. ಡಿಪ್ಲೊಮಾದವನು ಎದುರಿಗಿದ್ದ ಶತ್ರುವಿಗೆ ಬೆನ್ನು ತೋರಿಸಿ ಓಡಿದ. ಅಣ್ಣತಮ್ಮ ಗದ್ದೆ ದಾಟಿದರು. ಮುಂದಿನವನಿಗೆ ಮೊದಲೇ ಪೆಟ್ಟಾಗಿದ್ದರಿಂದ ಒಂದೇ ಗುಂಡಿಗೆ ಬಿದ್ದ. ಬಾಂಬ್ ಇಡಲು ಬಗ್ಗಿದವನನ್ನು ತಮ್ಮ ಬುಟ್ಟಿಯ ಹಿಂದಿನಿಂದ ಹೊಡೆದ. ಉಳಿದವನು ಜಗ್ಲಿಗೆ ವಾಪಸ್ ಓಡಲು ನೋಡಿದ. ನಾಯಕ ಅವನನ್ನು ಅಲ್ಲೇ ಕಾಯುತ್ತಿದ್ದ. ಪ್ಯಾಟಿಯ ಇಬ್ಬರು ಓಡಿ ಬಂದಾಗ ಬಾಂಬ್ ಇಡುವ ಹೊತ್ತು ಮೀರಿತ್ತು.

ಗೆದ್ದೆವು ಎಂದು ಯಾರೂ ಕುಣಿಯಲಿಲ್ಲ. ಅಣ್ಣ ಎರಡೂ ಕೈಯಿಂದ ಮುಖ ಒರೆಸಿಕೊಂಡ. ನಾಯಕ ನನ್ನ ಕಡೆ ತಿರುಗಿ, “ಅಕ್ಕ, ಅವಲಕ್ಕಿ ತೆಗಿನಿ,” ಎಂದ. ಆ ಐದು ಜನರ ಕಟ್ಟನ್ನು ಹತ್ತು ಜನ ಹಂಚಿಕೊಂಡೆವು. ತಿನ್ನುವಾಗ ಎದುರು ತಂಡದ ನಾಯಕ ನನ್ನ ನಕ್ಷೆಯನ್ನು ಕೇಳಿ ತೆಗೆದುಕೊಂಡು, ಬಹಳ ಹೊತ್ತು ನೋಡಿ, “ಇದು ನೀವೇ ಬರೆದದ್ದಾ?” ಎಂದ. ಹೌದು ಎಂದೆ. ಆ ‘ಹೌದು’ ನನ್ನ ಸಣ್ಣ ಸ್ವರದಲ್ಲೇ ಬಂತು, ಆದರೆ ಕೋಣೆಯ ಆ ಮೂಲೆಗೂ ಕೇಳಿಸಿತು.

ನನ್ನ ಜೀವನದಲ್ಲಿ ಜನ ನನ್ನ ಮಾತನ್ನು ಕೇಳಿದ್ದುಂಟು, ಮೆಚ್ಚಿದ್ದೂ ಉಂಟು. ಆದರೆ ತಮ್ಮ ಕಣ್ಣೆದುರಿನದನ್ನು ಬಿಟ್ಟು, ನನ್ನ ಮಾತೊಂದನ್ನೇ ನಂಬಿ ನಾಲ್ಕು ಜನ ಒಟ್ಟಿಗೆ ಓಡಿದ್ದು ಆ ಒಂದೇ ಸಲ. ಆಟವೇ ಇರಬಹುದು. ಅವರು ಓಡಿದ್ದು ನಿಜ.

ಮರುದಿನ ಬೆಳಿಗ್ಗೆ ಅಪ್ಪಯ್ಯನ ಬಸ್ಸಿನಲ್ಲೇ ಕುಂದಾಪುರಕ್ಕೆ ಹೊರಟೆ. ಟಿಕೆಟ್ ಕೊಡುತ್ತ ಕೊಡುತ್ತ ಅವರು ಡ್ರೈವರ್ ಹತ್ತಿರ ಹೋಗಿ, “ನಿನ್ನೆ ಬ್ರಹ್ಮಾವರದಲ್ಲ್ ನಮ್ಮ ಹೆಣ್ಣ್ ಗೆದ್ಕಂಡ್ ಬಂತ್,” ಎಂದರು. ಯಾವುದರಲ್ಲಿ ಎಂದು ಡ್ರೈವರ್ ಕೇಳಿದ. ಅಪ್ಪಯ್ಯ ಸ್ವಲ್ಪ ಯೋಚಿಸಿ, “ಸ್ಟಾಪ್ ಕೂಗುದ್ರಲ್ಲ್,” ಎಂದರು.

ಮೂರು ತಿಂಗಳಾದ ಮೇಲೆ ಮಣಿಪಾಲದಲ್ಲಿ ಆಡಿದೆವು. ಅಲ್ಲಿ ಹೀನಾಯವಾಗಿ ಸೋತೆವು, ಹೆಸರು ಹೇಳುವಷ್ಟು ಹೊತ್ತೂ ನಾವು ಬದುಕಿರುತ್ತಿರಲಿಲ್ಲ. ನಾಯಕ ಅಂಗಡಿಯನ್ನು ಪೂರ್ತಿ ವಹಿಸಿಕೊಂಡ. ಅಣ್ಣತಮ್ಮ ಒಂದು ಗ್ಯಾರೇಜು ಹಾಕಿದರು. ನನಗೆ ಬೈಂದೂರಿಗೆ ಮದುವೆಯಾಯಿತು.

ನಾಲ್ಕೈದು ವರ್ಷ ಕಳೆದಿರಬೇಕು. ರೇಷನ್ ಕಾರ್ಡಿನ ಅರ್ಜಿ ತುಂಬಿಸಲೆಂದು ಬೈಂದೂರು ಪೇಟೆಯ ಒಂದು ಸೈಬರಿಗೆ ಹೋದೆ. ಸರದಿಗೆ ಕಾಯುತ್ತ ಬೆಂಚಿನ ಮೇಲೆ ಕೂತಿದ್ದೆ. ಒಳಗೆ ಕಾಲೇಜಿನ ಹುಡುಗರು ಆಡುತ್ತಿದ್ದರು, ಯಾರ ಮುಖವೂ ನನಗೆ ಪರಿಚಯದ್ದಲ್ಲ. ಒಬ್ಬ ಕೂಗಿದ. “ಕಂಡಿ, ಒಬ್ಬ. ಬುಟ್ಟಿ ಹಿಂದೆ ಇನ್ನೊಬ್ಬ.”

ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ಪರದೆಯ ಮೇಲೆ ಅದೇ ಊರು. ಕೆಲವು ಹೆಸರು ಬದಲಾಗಿದ್ದವು. ಹಟ್ಟಿಗೆ ಅವರು ‘ಗ್ಯಾರೇಜ್’ ಎನ್ನುತ್ತಿದ್ದರು. ಕತ್ಲೆ, ಗದ್ದೆ, ಜಗ್ಲಿ ಹಾಗೆಯೇ ಇದ್ದವು. ರೌಂಡ್ ಮುಗಿದಾಗ ಹತ್ತಿರದಲ್ಲಿ ಕೂತವನನ್ನು ಕೇಳಿದೆ. “ಈ ಹೆಸ್ರೆಲ್ಲ ಯಾರ್ ಇಟ್ಟದ್?”

“ಅದಾ ಅಕ್ಕ, ಅದ್ ಮೊದ್ಲಿಂದ್ಲೂ ಹಾಂಗೇ. ಕುಂದಾಪ್ರದ್ ಬದಿಯರ್ ಎಲ್ಲ ಹಾಂಗೇ ಹೇಳುದ್.”

“ನಾನ್ ಇಟ್ಟದ್,” ಎಂದೆ. “ನಾನೂ ನಮ್ ಅಪ್ಪಯ್ಯನೂ.”

ಅವನು ನನ್ನನ್ನು ನೋಡಿದ. ಕೈಯಲ್ಲಿದ್ದ ಅರ್ಜಿಯನ್ನು, ಹೆಗಲ ಚೀಲವನ್ನು, ಚೀಲದಿಂದ ಹೊರಗೆ ಇಣುಕುತ್ತಿದ್ದ ಬಸಳೆಯ ಕಟ್ಟನ್ನು ನೋಡಿದ. ನಂಬಿದ ಹಾಗೆ ಕಾಣಲಿಲ್ಲ. ಆದರೂ ಮರ್ಯಾದೆಯಿಂದ ಪಕ್ಕಕ್ಕೆ ಸರಿದು, “ಕೂಕಣಿ ಅಕ್ಕ, ಕಾಣಿ,” ಎಂದು ಕುರ್ಚಿಯ ಅಂಚು ಬಿಟ್ಟುಕೊಟ್ಟ.

ಕೌಂಟರಿನಿಂದ ನನ್ನ ಸರದಿಯ ನಂಬರು ಕೂಗಿದರು. ಸರದಿಯನ್ನು ಹಿಂದಿನವರಿಗೆ ಕೊಟ್ಟು, ನೀವು ಮೊದಲು ಮಾಡಿಸಿಕೊಳ್ಳಿ ಎಂದು ಹೇಳಿ ಅಲ್ಲೇ ಕೂತೆ.